ಕಟ್ಟಿಗೆ ಬದಲು ಸರಪಣಿ

ನಾನು ಚಿಕ್ಕವಳಿದ್ದಾಗ ಸ್ನಾನದ ನೀರಿಗೆ ಹೊಗೆಯ ವಾಸನೆ ಇರುತ್ತಿತ್ತು ಮಕ್ಕಳೇ. ನಗಬೇಡಿರಿ, ಆ ವಾಸನೆ ಇಲ್ಲದಿದ್ದರೆ ನನಗೆ ಈಗಲೂ ಸ್ನಾನ ಮಾಡಿದ ಹಾಗೆ ಅನ್ನಿಸುವುದಿಲ್ಲ.

ಧಾರವಾಡದ ಕಡೆಯ ನಮ್ಮ ಹಳ್ಳಿಯಲ್ಲಿ ಬಚ್ಚಲ ಒಲೆಯ ಹಂಡೆ ದಿನಕ್ಕೊಂದು ಹೊರೆ ಕಟ್ಟಿಗೆ ನುಂಗುತ್ತಿತ್ತು. ಬದುವಿನ ಜಾಲಿ, ಒಣಗಿದ ಹತ್ತಿಗಿಡ, ತೊಗರಿ ಕಡ್ಡಿ, ಸಿಕ್ಕಿದ್ದನ್ನೆಲ್ಲ ಅವ್ವ ಒಲೆಗೆ ತುರುಕುತ್ತಿದ್ದಳು. ಅಪ್ಪನಿಗೆ ಪುಣೆಯ ಕ್ಯಾಂಪ್ ಬಡಾವಣೆಯ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದಾಗ ಹಂಡೆ ಹೋಗಿ ತಾಮ್ರದ ಬಂಬ ಬಂತು. ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಕಟ್ಟಿಗೆಯನ್ನು ವಖಾರಿಯಲ್ಲಿ, ಅಂದರೆ ಕಟ್ಟಿಗೆ ಡಿಪೋದಲ್ಲಿ, ತೂಗಿ ಕೊಡುತ್ತಿದ್ದರು. ಬೆಲ್ಲದ ಹಾಗೆ ಕಟ್ಟಿಗೆ ತೂಗುವುದನ್ನು ಕಂಡು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಊರಿನ ಒಂದು ದಿನದ ಹೊರೆ ಇಲ್ಲಿಯವರಿಗೆ ವಾರ ಬರುತ್ತದೆ ಎಂದು ಅಪ್ಪ ಹೇಳಿದರೆ ಅವಳು ನಂಬಲೇ ಇಲ್ಲ.

ಆ ಚಳಿಗಾಲ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಅವ್ವ ಕೂಸಿಗೆ ನೀರು ಎರೆದು, ಲೋಬಾನದ ಹೊಗೆ ಹಿಡಿದು ಮಲಗಿಸಿದಳು. ಆಮೇಲೆ ಅಕ್ಕನಿಗೆ ಎಣ್ಣೆ, ಅರಿಶಿಣ ತಿಕ್ಕಿ ಬಚ್ಚಲಲ್ಲಿ ಕೂಡಿಸಿ ನೋಡುತ್ತಾಳೆ, ಬಂಬಕ್ಕೆ ಮತ್ತೆ ತುಂಬಿದ್ದ ನೀರು ಉಗುರುಬೆಚ್ಚಗೆ! ಹಂಡೆಯ ರೂಢಿಯಲ್ಲಿ ವಾರದ ಕಟ್ಟಿಗೆಯನ್ನೆಲ್ಲ ಕೂಸಿನ ಸ್ನಾನಕ್ಕೇ ಸುಟ್ಟುಬಿಟ್ಟಿದ್ದಳು. ಅಪ್ಪ ಅಂಗಡಿಗೆ ಹೋಗಿದ್ದ. ಅಕ್ಕನ ಹಲ್ಲು ಕಟಕಟ ಅನ್ನುತ್ತಿತ್ತು. ಹಸಿ ಬಾಣಂತಿಗೆ ಥಂಡಿ ಹತ್ತಿದರೆ ಏನು ಗತಿ ಎಂದು ಅವ್ವ ಗಾಬರಿಯಾದಳು. ಪಕ್ಕದ ಮನೆಯ ಮರಾಠಿ ಕಾಕುವಿನ ಹತ್ತಿರ ಕಟ್ಟಿಗೆ ಇಸಿದುಕೊಂಡು ಬಾ ಎಂದು ನನ್ನನ್ನು ಓಡಿಸಿದಳು.

ನನಗೆ ಬರುತ್ತಿದ್ದದ್ದು ನಾಲ್ಕೇ ನಾಲ್ಕು ಮರಾಠಿ ಮಾತು. ಬೆಂಕಿ, ಬಂಬ, ಅಕ್ಕ ಎಂದು ಕೈಸನ್ನೆ ಮಾಡಿದೆ. ಕಾಕುವಿಗೆ ತಿಳಿಯಿತು. ಹಿತ್ತಿಲು ತೋರಿಸಿ, “ತಿಕಡೆ ಸರಪಣ ಆಹೆ, ಘೇ” ಅಂದಳು. ಅಲ್ಲಿದೆ, ತಗೋ ಅಂದದ್ದು ತಿಳಿಯಿತು. ಆದರೆ ಸರಪಣಿ ಯಾಕೆ? ಹಿತ್ತಿಲಲ್ಲಿ ಕಟ್ಟಿಗೆಯ ರಾಶಿ ಇತ್ತು, ಅದರ ಮೇಲೆ ಮೊಳೆಗೆ ಉಯ್ಯಾಲೆಯ ಹಳೆಯ ಸರಪಣಿ ನೇತಾಡುತ್ತಿತ್ತು. ಕಟ್ಟಿಗೆಯನ್ನು ತೂಗುವ ಜನ ಅದನ್ನು ಸರಪಣಿಯಿಂದ ಕಟ್ಟಿಯೂ ತರುತ್ತಾರೇನೋ, ಮೊದಲು ಇದನ್ನು ಒಯ್ಯುತ್ತೇನೆ ಎಂದು ಎಳೆದುಕೊಂಡು ಓಡಿದೆ.

“ಹುಚ್ಚವ್ವಾ, ಬಾಣಂತಿಗೆ ಎರಿಲಿಕ್ಕೆ ಕಟ್ಟಿಗಿ ತಾ ಅಂದ್ರ ಆಕಳಾ ಕಟ್ಟಲಿಕ್ಕೆ ಸರಪಣಿ ತಂದಿಯಲ್ಲ!” ಅಂದಳು ಅವ್ವ.

ನನಗೆ ಅಳುವೇ ಬಂತು. ಅಷ್ಟರಲ್ಲಿ ಕಾಕು ನಗುತ್ತ ತಾನೇ ಕಟ್ಟಿಗೆ ಹೊತ್ತು ಬಂದಳು. ಮರಾಠಿಯಲ್ಲಿ ಸರಪಣ ಎಂದರೆ ಉರುವಲು ಅಂತ ನನಗೆ ಗೊತ್ತಾದದ್ದು ಆವಾಗ. ಬಚ್ಚಲಲ್ಲಿ ನಡುಗುತ್ತಿದ್ದ ಅಕ್ಕ ಇದನ್ನು ಕೇಳಿ ನಗಲು ಶುರುಮಾಡಿದವಳು ಚಳಿಯನ್ನೇ ಮರೆತಳು. ಕೊಳವೆಗೆ ಗಾಳಿಯಾಡುವಂತೆ ಎರಡೆರಡೇ ಸೀಳು ಇಳಿಸಬೇಕೆಂದು ಕಾಕು ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ನೀರು ಕುದಿಯಿತು. ಅಕ್ಕನಿಗೆ ಸುಡುಸುಡು ನೀರು ಎರೆದು ಮುಗಿಸಿದರೂ ಕಾಕು ತಂದ ಕಟ್ಟಿಗೆಯಲ್ಲಿ ಅರ್ಧ ಉಳಿದಿತ್ತು. ಅಪ್ಪ ಹೇಳಿದ್ದು ಖರೇ ಎಂದು ಅವ್ವ ಅವತ್ತು ಒಪ್ಪಿಕೊಂಡಳು.

ಈಗ ನೀವು ಗುಂಡಿ ಒತ್ತಿದರೆ ನೀರು ಕಾಯುತ್ತದೆ, ಒಂದು ಕಡ್ಡಿಯೂ ಬೇಡ. ಹಳ್ಳಿಯಲ್ಲೂ ಅಡಿಗೆಗೆ ಗ್ಯಾಸ್ ಬಂದಿದೆ. ಬಚ್ಚಲ ಹಂಡೆಗೆ ಮಾತ್ರ ಇನ್ನೂ ಕಟ್ಟಿಗೆಯೇ, ಆದರೆ ಒಲೆ ಸುಧಾರಿಸಿದ್ದರಿಂದ ಒಂದು ಹೊರೆ ಈಗ ನಾಲ್ಕು ದಿನ ಬರುತ್ತದಂತೆ. ಮೊನ್ನೆ ಕರೆಂಟು ಹೋಗಿ ಗೀಸರ್ ಬಂದ್ ಆದಾಗ, ಈ ಕಥೆಯನ್ನು ನನ್ನಿಂದ ಎಷ್ಟೋ ಸಲ ಕೇಳಿದ, ಮೈತುಂಬ ಸಾಬೂನು ಹಚ್ಚಿಕೊಂಡಿದ್ದ ನಿಮ್ಮಲ್ಲೊಬ್ಬಳು ಬಚ್ಚಲಿನಿಂದ ಕೂಗಿದಳಲ್ಲ, “ಅಜ್ಜಿ, ನೀರು ತಣ್ಣಗಾದ್ವು, ಲಗೂನ ಸರಪಣಿ ತಗೊಂಡ್ ಬಾ!” ಅಂತ? ಅದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ. ಅವಳು ಅವತ್ತು ಬಚ್ಚಲಲ್ಲಿ ನಕ್ಕ ಹಾಗೆಯೇ ನಕ್ಕಳು.