ಅರ್ಧ ಹಾದಿ ತೆಗೆದ ಚಾಚಾ

ಹಿಮ ಬಿದ್ದ ಬೆಳಿಗ್ಗೆ ಚಾಚಾ ಅವರ ಹುಬ್ಬಿನ ಮೇಲೆ ಅವರದೇ ಉಸಿರು ಬೆಳ್ಳಗೆ ಹೆಪ್ಪುಗಟ್ಟಿರುತ್ತಿತ್ತು. ಮಾತಾಡುವ ಮುನ್ನ ಅದನ್ನು ಕೈಗವಸಿನಿಂದ ಒರೆಸಿಕೊಳ್ಳುತ್ತಿದ್ದರು. ಹುಬ್ಬಳ್ಳಿಯವರು. ಔಷಧಿ ಅಂಗಡಿಯ ಕೆಲಸದಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ನಾನೀಗ ಇರುವ ಸ್ಯಾನ್ ರಮೋನ್‌ಗೆ ಬರುವ ಮೊದಲು, ಇದೇ ಪರದೇಶದಲ್ಲಿ ನಾನಿದ್ದ ಉತ್ತರದ ಚಳಿ ಊರಿನಲ್ಲಿ ಅವರದು ಪಕ್ಕದ ಮನೆ.

ಬೇಸಿಗೆಯಲ್ಲಿ ನಾನೂ ನನ್ನ ಗಂಡನೂ ಅವರ ಪಕ್ಕದ ಆ ಮನೆಗೆ ವಾಸಕ್ಕೆ ಹೋದೆವು. ಹಿಮ ಶುರುವಾಗುವ ಮುಂಚೆಯೇ ಅವನು ತೀರಿಕೊಂಡ. ಆಫೀಸಿನಲ್ಲಿ ಎದೆನೋವು ಬಂದಿತ್ತು. ಮಂಡ್ಯದಿಂದ ಅಮ್ಮ ದಿನಾ ಫೋನು ಮಾಡಿ ಅಳುತ್ತಿದ್ದಳು. ನಾನು ಕೇಳಿಸಿಕೊಂಡು ಇಟ್ಟುಬಿಡುತ್ತಿದ್ದೆ. ನನಗೆ ಅಳು ಬರಲಿಲ್ಲ. ಪರದೆ ಎಳೆದು ಮಲಗಿರುತ್ತಿದ್ದೆ.

ಮೊದಲ ದೊಡ್ಡ ಹಿಮ ಬಿತ್ತು. ಅಲ್ಲಿ ರಸ್ತೆಯ ಹಿಮವನ್ನು ನಗರಸಭೆಯ ಲಾರಿ ತಳ್ಳುತ್ತದೆ. ಮನೆ ಮುಂದಿನ ಕಾಲುದಾರಿಯದನ್ನು ಮನೆಯವರೇ ತೆಗೆಯಬೇಕು. ಹೊರಗೆ ಸಲಿಕೆ ಕೆರೆಯುವ ಸದ್ದು ಕೇಳಿತು, ಆಮೇಲೆ ಬಾಗಿಲು ಬಡಿದರು. ಚಾಚಾ ನಿಂತಿದ್ದರು. ಅವರ ಬೆನ್ನ ಹಿಂದೆ ನಮ್ಮ ಕಾಲುದಾರಿ ನಡುವಿನವರೆಗೆ ಮಾತ್ರ ಬಯಲಾಗಿತ್ತು.

"ಅರ್ಧಾ ನಾ ತೆಗದೇನಿ ತಂಗಿ. ಉಳಿದದ್ದು ನಿಂದು."

ನನ್ನ ಕೈಲಾಗುವುದಿಲ್ಲ ಎಂದೆ.

"ಗೊತ್ತೈತಿ. ಆದ್ರ ಮಂದಿ ನಡೀಬೇಕಲ್ಲ."

ಗಂಡನ ಜಾಕೆಟ್ಟು ಹಾಕಿಕೊಂಡು ಹೋದೆ. ಅವರು ಸಹಾಯ ಮಾಡಲಿಲ್ಲ. ತಮ್ಮ ಮೆಟ್ಟಿಲ ಮೇಲೆ ಚಹಾ ಹಿಡಿದು ನಿಂತು, ರಸ್ತೆಗೆ ಎಸೆಯಬೇಡ, ನಿನ್ನ ಹುಲ್ಲಿನ ಮೇಲೆ ಗುಡ್ಡೆ ಹಾಕು, ಬೆಂಕಿ ಆರಿಸುವವರ ನಲ್ಲಿಯ ಸುತ್ತ ಬಿಡಿಸು ಎಂದು ಹೇಳುತ್ತಲೇ ಇದ್ದರು. ಒಂದು ಸಾಂತ್ವನದ ಮಾತಿಲ್ಲ. ಮುಗಿದ ಮೇಲೆ ನನಗೂ ಚಹಾ ಕೊಟ್ಟರು. ಬಿಸಿ ಇತ್ತೋ ಇಲ್ಲವೋ ತಿಳಿಯಲಿಲ್ಲ, ಕುಡಿದೆ.

ಹಿಮ ಬಿದ್ದಾಗಲೆಲ್ಲ ಅವರು ತೆಗೆಯುವ ಪಾಲು ಚಿಕ್ಕದಾಗುತ್ತಾ ಬಂತು. ಒಂದು ಬೆಳಿಗ್ಗೆ ಬರಲೇ ಇಲ್ಲ. ನಮ್ಮದನ್ನು ಮುಗಿಸಿ ನೋಡಿದರೆ ಅವರ ಮನೆ ಮುಂದೆ ಹಿಮ ಹಾಗೇ ಇತ್ತು. ಕಿಟಕಿಯ ಒಳಗಿನಿಂದ ಹಣೆ ಮುಟ್ಟಿ, ಜ್ವರ ಎಂದು ತೋರಿಸಿದರು. ಅವರದನ್ನೂ ತೆಗೆದೆ. ಗಂಜಿ ತೆಗೆದುಕೊಂಡು ಹೋದಾಗ, "ಮೂಲ್ಯಾಗಿನ ಹಿಮಾ ಹಂಗ ಬಿಟ್ಟೀಯಲ್ಲ" ಅಂದರು. ಅದಕ್ಕೆ ನಾನು ನಕ್ಕೆನಂತೆ. ಅವರೇ ಆಮೇಲೆ ಹೇಳಿದ್ದು, ನನಗೆ ನೆನಪಿಲ್ಲ.

ಮರುವರ್ಷ ಇಲ್ಲಿಗೆ ಹತ್ತಿರದ ವಾಲ್ನಟ್ ಕ್ರೀಕ್‌ನಲ್ಲಿ ಕೆಲಸ ಸಿಕ್ಕಿ ಸ್ಯಾನ್ ರಮೋನ್‌ಗೆ ಬಂದೆ. ಕೆಲವು ವರ್ಷಗಳ ಮೇಲೆ ಚಾಚಾ ಕೂಡ ಇಲ್ಲಿರುವ ಮಗಳ ಮನೆಗೆ ಬಂದರು. ಹಿಮವೇ ಬೀಳದ ಈ ಊರಿನಲ್ಲೂ ಚಳಿಗಾಲದ ಬೆಳಿಗ್ಗೆ ಎದ್ದು ಮನೆ ಮುಂದಿನ ಡ್ರೈವ್‌ವೇಯಲ್ಲಿ ಸುಮ್ಮನೆ ನಿಲ್ಲುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಫೋನು ಬಂದಾಗ ಮೀಟಿಂಗಿನಲ್ಲಿದ್ದೆ, ಮುಗಿಸಿಯೇ ಎದ್ದೆ. ಫ್ರೀವೇಯಲ್ಲಿ ಎಂದಿನ ಟ್ರಾಫಿಕ್ಕು. ಮಣ್ಣು ಮುಗಿಸಿ ಬಂದ ಮೇಲೆ ಅವರ ಮಗಳು ನನ್ನ ಪಕ್ಕದಲ್ಲಿ ಕೂತು, ಆ ಚಳಿಗಾಲದ ಮಾತು ತೆಗೆದಳು. ಚಾಚಿ ತೀರಿ ಬಹಳ ಕಾಲವಾಗಿದೆ ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ. ನಾವು ಆ ಮನೆಗೆ ವಾಸಕ್ಕೆ ಹೋಗುವುದಕ್ಕೆ ಮೂರು ತಿಂಗಳ ಮೊದಲಷ್ಟೇ ಚಾಚಿ ತೀರಿಕೊಂಡದ್ದು.

"ಅಮ್ಮಿ ಹೋದ್ಮ್ಯಾಲೆ ಅಬ್ಬಾ ಹಾಸಿಗೀನ ಬಿಟ್ಟಿರ್ಲಿಲ್ಲ ಅಕ್ಕಾ" ಎಂದಳು. "ಸ್ನೋ ಬಿದ್ದ ದಿನ ಫೋನ್ ಮಾಡಿದ್ರು. ಪಕ್ಕದ ಮನಿ ಹುಡುಗಿ ಒಬ್ಬಾಕೀನ ಅದಾಳ, ನಾ ಏಳಬೇಕು ಅಂದ್ರು."

ಅವಳು ಅತ್ತಳು. ನನಗೆ ಆಗಲೂ ಅಳು ಬರಲಿಲ್ಲ. ಅವಳ ಕೈ ಹಿಡಿದು, ಜನರೆಲ್ಲ ಹೋಗುವವರೆಗೆ ಅಲ್ಲೇ ಕೂತಿದ್ದೆ.