ಒಂಬತ್ತು ನಿಮಿಷ ಎಂದು ಬರೆದ ನಲವತ್ತಾರು ನಿಮಿಷ

2019ರ ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 9 ಗಂಟೆ 4 ನಿಮಿಷದಿಂದ 9 ಗಂಟೆ 50 ನಿಮಿಷದವರೆಗೆ ನಗರದ ಆಂಬುಲೆನ್ಸ್ ಕರೆ ಕೇಂದ್ರದಲ್ಲಿ ಒಂದು ಫೋನೂ ರಿಂಗಾಗಲಿಲ್ಲ. ಒಟ್ಟು ನಲವತ್ತಾರು ನಿಮಿಷ. ಆ ಕೇಂದ್ರದ ತಂತ್ರಾಂಶವನ್ನು ನೋಡಿಕೊಳ್ಳುವ ಕಂಪನಿ ಸಾರ್ವಜನಿಕರಿಗೆಂದು ತೆರೆದಿಟ್ಟಿರುವ ಸ್ಟೇಟಸ್ ಪುಟದಲ್ಲಿ ಮಾತ್ರ ಅದು ಒಂಬತ್ತು ನಿಮಿಷ. ಉಳಿದ ಮೂವತ್ತೇಳು ನಿಮಿಷಗಳನ್ನು ನುಂಗಿದವರು ಯಾರೆಂಬುದು ಗುಟ್ಟೇನಲ್ಲ. ಅವು ಯಾರ ಎದೆಯ ಮೇಲೆ ಕುಳಿತಿವೆ ಎಂಬುದನ್ನು ನುಂಗಿದವರು ಕೇಳಿಲ್ಲ.

ಕಂಪನಿಯ ಮೂರನೆಯ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಗೋಡೆಯ ತುಂಬ ಒಂದು ಫಲಕ, ಅದರ ಮೇಲೆ ಹದಿನೇಳು ಸೇವೆಗಳಿಗೆ ಹದಿನೇಳು ಚೌಕಗಳು. ಸೇವೆ ಸರಿಯಾಗಿದ್ದರೆ ಹಸಿರು, ಕುಂಟಿದರೆ ಹಳದಿ, ನಿಂತರೆ ಕೆಂಪು. ಅದರ ಮುಂದೆ ಐವತ್ತಾರು ವರ್ಷದ ಒಬ್ಬ ಹೆಂಗಸು ಹನ್ನೊಂದು ವರ್ಷ ಕುಳಿತಿದ್ದಳು. ಚೌಕ ತಾನಾಗಿ ಬಣ್ಣ ಬದಲಿಸುತ್ತಿರಲಿಲ್ಲ. ದೋಷವನ್ನು ಖಚಿತಪಡಿಸಿಕೊಂಡು, ಹೊತ್ತು ಬರೆದು, ಆಕೆಯೇ ಬದಲಿಸಬೇಕಿತ್ತು. ಆ ಹೊತ್ತೇ ಸ್ಟೇಟಸ್ ಪುಟಕ್ಕೂ ಹೋಗುತ್ತಿತ್ತು; ಒಮ್ಮೆ ಹೋದದ್ದನ್ನು ತಿದ್ದಲು ಮಾತ್ರ ಮೇಲಿನವರ ಒಪ್ಪಿಗೆ ಬೇಕಿತ್ತು. ತಿಂಗಳ ಕೊನೆಗೆ ಯಾವ ಸೇವೆ ಎಷ್ಟು ಹೊತ್ತು ಎಚ್ಚರವಿತ್ತು ಎಂಬ ವರದಿಯೂ ಆಕೆಯ ಕೈಯಿಂದಲೇ ಹೋಗುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಒಂದು ನಿಮಿಷವನ್ನೂ ಹಿಗ್ಗಿಸಿದವಳಲ್ಲ, ಕುಗ್ಗಿಸಿದವಳೂ ಅಲ್ಲ.

ಆಕೆಗೆ ಇದ್ದದ್ದು ಒಬ್ಬಳೇ ಅಕ್ಕ. ಭಾವ ಕನ್ನಡಕ ಮಾಡುವವರು. ಮನೆಯ ಮುಂದಿನ ಕೋಣೆಯಲ್ಲೇ ಲೆನ್ಸ್ ಉಜ್ಜುವ ಯಂತ್ರವಿಟ್ಟುಕೊಂಡು ಮೂವತ್ತೆಂಟು ವರ್ಷ ಬೀದಿಯವರ ಕಣ್ಣು ನೋಡಿಕೊಂಡವರು. ಹೆಂಡತಿಯ ತಂಗಿಗೆ ಅವರಿಟ್ಟ ಹೆಸರು 'ದೀಪದ ಪೊಲೀಸು'. ಭಾನುವಾರ ಊಟಕ್ಕೆ ಬಂದಾಗಲೆಲ್ಲ ಆಕೆಯ ಕನ್ನಡಕ ಕಳಚಿಕೊಂಡು ಒರೆಸುತ್ತ ಕಾಲೆಳೆಯುತ್ತಿದ್ದರು: "ಈ ಪೊಲೀಸಿಗೆ ಕೆಂಪು ದೀಪ ಕಂಡ್ರೇನೇ ಸಂಬಳ. ಹಸಿರಿದ್ದಾಗ ನಿದ್ದೆ ಹೊಡೀತಾಳೆ." ಆಕೆಯೂ ಬಿಡುತ್ತಿರಲಿಲ್ಲ. ನೀವು ಮಾಡಿಕೊಟ್ಟ ಕನ್ನಡಕದಲ್ಲಿ ಎಲ್ಲವೂ ಹಸಿರಾಗಿಯೇ ಕಾಣುತ್ತದೆ, ತಪ್ಪು ನಿಮ್ಮದೇ ಎನ್ನುತ್ತಿದ್ದಳು.

ಆ ಮಂಗಳವಾರ ಭಾವ ತಿಂಡಿ ಮುಗಿಸಿ ಯಂತ್ರದ ಮುಂದೆ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಅಕ್ಕ ಗೋಡೆಯ ಪಕ್ಕದ ಹಳೆಯ ಫೋನಿನಿಂದ ಆಂಬುಲೆನ್ಸಿನ ಮೂರಂಕಿ ಒತ್ತಿದಾಗ 9 ಗಂಟೆ 10 ನಿಮಿಷ. ರಿಂಗಿನ ಸದ್ದಿಲ್ಲ, ಎಂಗೇಜಿನ ಸದ್ದೂ ಇಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ ಮೌನ. 9 ಗಂಟೆ 13 ನಿಮಿಷಕ್ಕೆ ತಂಗಿಗೆ ಫೋನ್ ಮಾಡಿದಳು.

"ಆಂಬುಲೆನ್ಸ್ ನಂಬರಿಂದ ಏನೂ ಸದ್ದೇ ಇಲ್ಲ ಕಣೇ. ಇವರು ಮಾತಾಡ್ತಿಲ್ಲ."

ತಂಗಿ ತಲೆಯೆತ್ತಿ ಫಲಕ ನೋಡಿದಳು. ಎರಡನೆಯ ಸಾಲಿನ ಮೊದಲ ಚೌಕ, ಆಂಬುಲೆನ್ಸ್ ಕರೆ ಸೇವೆಯದು, ಹಚ್ಚ ಹಸಿರಾಗಿತ್ತು.

"ಅಕ್ಕಾ, ಲೈನ್ ಸರಿ ಇದೆ, ನನ್ನ ಕಣ್ಣ ಮುಂದೇನೇ ಹಸಿರಿದೆ. ಗಾಬರೀಲಿ ತಪ್ಪು ಒತ್ತಿರ್ತೀಯ. ನಿಧಾನವಾಗಿ ಇನ್ನೊಂದ್ಸಲ ಒತ್ತು."

ಮೇಜಿನ ಮೇಲೆ ಆಕೆಯ ಇನ್ನೊಂದು ಫೋನಿತ್ತು. ಅದೇ ಮೂರಂಕಿ ಒತ್ತಿ ನೋಡಿದ್ದರೆ ಐದು ಸೆಕೆಂಡಿನಲ್ಲಿ ನಿಜ ಬಯಲಾಗುತ್ತಿತ್ತು. ಒತ್ತಲಿಲ್ಲ. ತನ್ನ ಕೈಯಾರೆ ಬಣ್ಣ ತುಂಬಿದ ಚೌಕವನ್ನು ಹನ್ನೊಂದು ವರ್ಷ ನಂಬಿದವರು ಮಾತ್ರ ಮಾಡಬಹುದಾದ ತಪ್ಪು ಅದು.

ಆಗಿದ್ದಿಷ್ಟು. ಕೇಂದ್ರದ ಸರ್ವರನ್ನು ನಿಮಿಷಕ್ಕೊಮ್ಮೆ ಒಂದು ಯಂತ್ರ "ಇದ್ದೀಯಾ?" ಎಂದು ಕೇಳುತ್ತದೆ; ಉತ್ತರ ಬಾರದಿದ್ದರೆ ಮೂರನೆಯ ಮಹಡಿಗೆ ಎಚ್ಚರಿಕೆ ಕೊಡುತ್ತದೆ. ಸರ್ವರ್ ಅಂದೂ ತಪ್ಪದೆ "ಇದ್ದೇನೆ" ಎನ್ನುತ್ತಲೇ ಇತ್ತು. ಆದರೆ ಬಂದ ಕರೆಗಳನ್ನು ಒಳಗಿನವರ ಮೇಜಿಗೆ ದಾಟಿಸುವುದನ್ನು 9 ಗಂಟೆ 4 ನಿಮಿಷಕ್ಕೇ ನಿಲ್ಲಿಸಿತ್ತು. ಬಾಗಿಲಲ್ಲಿ ನಿಂತವನು ಮನೆಯಲ್ಲಿ ಜನರಿದ್ದಾರೆ ಎನ್ನುತ್ತಾನೆ, ಒಳಗಿನವರಿಗೆ ಕದ ಬಡಿದದ್ದೇ ಕೇಳಿಸುವುದಿಲ್ಲ. ಕರೆ ಕೇಂದ್ರದಲ್ಲಂತೂ ಆರು ಜನ ಕೈಕಟ್ಟಿ ಕೂತಿದ್ದರು. ಇವತ್ತು ಊರಿಗೆ ಊರೇ ಗಟ್ಟಿಮುಟ್ಟಾಗಿದೆ ಎಂದು ಒಬ್ಬಾಕೆ ನಗೆಯಾಡಿದ್ದಳು ಎಂಬುದೂ ಆಮೇಲೆ ತಿಳಿಯಿತು. ಗಾಡಿಯಲ್ಲಿ ಕೂತು ಬೇಸತ್ತ ಆಂಬುಲೆನ್ಸ್ ಚಾಲಕನೊಬ್ಬ ಒಳಗೆ ಬಂದು, ಯಾಕೆ ಒಂದು ಕರೆಯೂ ಇಲ್ಲ ಎಂದು ಕೇಳಿದ ಮೇಲೆಯೇ ಅವರಿಗೆ ಅನುಮಾನ ಹುಟ್ಟಿದ್ದು.

ಅವರು ಮೂರನೆಯ ಮಹಡಿಗೆ ತಿಳಿಸಿದ್ದು 9 ಗಂಟೆ 41 ನಿಮಿಷಕ್ಕೆ. ಆಕೆ ಚೌಕವನ್ನು ಕೆಂಪು ಮಾಡಿದಳು. ಮೌಸಿನ ಮೇಲಿದ್ದ ಬೆರಳನ್ನು ಎತ್ತುವ ಮೊದಲೇ ಅಕ್ಕನ ಮಾತು ನೆನಪಾಯಿತು.

ಅಷ್ಟರಲ್ಲಿ ಅಕ್ಕ ಇನ್ನೂ ಮೂರು ಸಲ ಪ್ರಯತ್ನಿಸಿ, ಬೀದಿಗೆ ಓಡಿ, ಬ್ರೆಡ್ ಹಂಚುವ ವ್ಯಾನನ್ನು ಅಡ್ಡಗಟ್ಟಿ, ಗಂಡನನ್ನು ಟ್ರೇಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆ ಮುಟ್ಟಿದ್ದಳು. 9 ಗಂಟೆ 38 ನಿಮಿಷಕ್ಕೆ ವೈದ್ಯರು ನಾಡಿ ನೋಡಿ ಕೈ ಬಿಟ್ಟರು. ಆಂಬುಲೆನ್ಸ್ ಬಂದಿದ್ದರೆ ಭಾವ ಉಳಿಯುತ್ತಿದ್ದರು ಎಂದು ಇಲ್ಲಿ ಯಾರೂ ವಾದಿಸುತ್ತಿಲ್ಲ. ಅದನ್ನು ಬಲ್ಲವರಿಲ್ಲ. ಗೊತ್ತಿರುವುದು ಅಕ್ಕ ಸರಿಯಾದ ಸಂಖ್ಯೆಯನ್ನೇ ಒತ್ತಿದ್ದಳು ಎಂಬುದಷ್ಟೇ, ಮತ್ತು ಅದನ್ನು ನಂಬಲು ಆಗದಿರುವುದು ಅಕ್ಕನಿಗೇ.

ಹನ್ನೆರಡು ದಿನ ಕಳೆದಿರಲಿಲ್ಲ, ಭಾವನ ತಮ್ಮ ಸ್ಟೇಟಸ್ ಪುಟದ ಒಂದು ಪ್ರತಿ ಹಿಡಿದುಕೊಂಡು ಬಂದ. ಆಂಬುಲೆನ್ಸ್ ಕರೆ ಸೇವೆ: 9:41ರಿಂದ 9:50, ಅಡಚಣೆ ಒಂಬತ್ತು ನಿಮಿಷ. ಅದನ್ನು ಅಣ್ಣನ ಯಂತ್ರದ ಮೇಲೆ ಹರಡಿ, ಬಂದಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಅತ್ತಿಗೆ ಫೋನ್ ಮಾಡಿದಾಗ ಲೈನ್ ಚೆನ್ನಾಗೇ ಇತ್ತು, ನೋಡಿ. ಮೂರಂಕಿ ಒತ್ತೋಕೆ ಆಗದೇ ಇದ್ದದ್ದು ನಮ್ಮಣ್ಣನ ಹಣೆಬರಹ."

ಅಂದಿನಿಂದ ಮೈದುನನ ಮನೆಯವರು ಅಕ್ಕನ ಹೊಸ್ತಿಲು ತುಳಿಯಲಿಲ್ಲ.

ಏಪ್ರಿಲಿನ ಮೊದಲ ಭಾನುವಾರ ತಂಗಿ ಹೋದಾಗ ಅಕ್ಕ ಫೋನಿನ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಳು. ರಿಸೀವರ್ ಎತ್ತಿರಲಿಲ್ಲ, ಅದರ ಜಾಗದಲ್ಲೇ ಇತ್ತು. ಆಕೆ ಒಂದೊಂದೇ ಗುಂಡಿ ಒತ್ತುವಳು, ಬೆರಳು ನೋಡಿಕೊಳ್ಳುವಳು, ಮೊದಲಿಂದ ಒತ್ತುವಳು. ದಿನವೂ ಹೀಗೆಯೇ ಎಂದು ಎದುರುಮನೆಯಾಕೆ ಮೊದಲೇ ಹೇಳಿದ್ದಳು.

"ನೋಡು, ನನ್ನ ಬೆರಳು ಸರಿಯಾಗೇ ಹೋಗುತ್ತೆ," ಎಂದಳು ಅಕ್ಕ. "ಆವತ್ತು ಯಾಕೆ ತಪ್ಪಿತು?"

"ತಪ್ಪಿಲ್ಲ ಅಕ್ಕ. ಲೈನೇ ಸತ್ತಿತ್ತು. ನಾನೇ ತಪ್ಪು ಹೇಳಿದ್ದು."

"ನಾನು ಕೊರಗಬಾರದು ಅಂತ ಹೇಳ್ತೀಯ. ನಿಮ್ಮ ಆಫೀಸಿನ ಕಾಗದ ಸುಳ್ಳು ಹೇಳುತ್ತಾ?"

ತನ್ನ ಪುಟ ಸುಳ್ಳು ಹೇಳುವುದಿಲ್ಲವೆಂದು ಹನ್ನೊಂದು ವರ್ಷ ಆ ಮನೆಯಲ್ಲಿ ಜಂಬ ಕೊಚ್ಚಿಕೊಂಡವಳು ತಂಗಿಯೇ.

ಆಕೆ ಆಗಲೇ ಒಂದು ತಿದ್ದುಪಡಿ ಸಲ್ಲಿಸಿದ್ದಳು. ಆ ಹೊತ್ತಿನಲ್ಲಿ ಕೇಂದ್ರಕ್ಕೆ ದಿನವೂ ಮೂವತ್ತರ ಮೇಲೆ ಕರೆ ಬರುತ್ತವೆ, ಅಂದು ಸೊನ್ನೆ, ಆದ್ದರಿಂದ ಆರಂಭ 9:04 ಎಂದು ಬರೆಯಬೇಕು ಎಂದು. ಕರೆ ಬಾರದಿರುವುದು ದೋಷಕ್ಕೆ ಪುರಾವೆಯಲ್ಲ ಎಂದು ವಿಭಾಗದ ಮುಖ್ಯಸ್ಥರು ಅದನ್ನು ಹಿಂದಿರುಗಿಸಿದರು. ನಿಜವಾದ ಕಾರಣ ಬೇರೆ. ಸೇವೆ ತಿಂಗಳಲ್ಲಿ ನೂರಕ್ಕೆ 99.95 ಪಾಲು ಎಚ್ಚರವಿರುತ್ತದೆ ಎಂದು ಕಂಪನಿ ಮಾತು ಕೊಟ್ಟಿದೆ. ಮಾರ್ಚಿಗೆ 44,640 ನಿಮಿಷ. ಇಪ್ಪತ್ತೆರಡು ನಿಮಿಷ ದಾಟಿದರೆ ಮಾತು ತಪ್ಪಿದಂತೆ. ಒಂಬತ್ತು ಎಂದು ಬರೆದರೆ 99.98, ನಲವತ್ತಾರು ಎಂದು ಬರೆದರೆ 99.90.

ಆಗ ಆಕೆಗೆ ಕಂಪನಿಯದೇ ನಿಯಮ ನೆನಪಾಯಿತು. ನಾಲ್ಕನೆಯ ನಿಯಮ: ಚೌಕ ಕೆಂಪಾದ ಕ್ಷಣ ಅಥವಾ ಯಾವುದೇ ಸಿಬ್ಬಂದಿಗೆ ಮೊದಲ ದೂರು ತಲುಪಿದ ಕ್ಷಣ, ಇವೆರಡರಲ್ಲಿ ಮುಂಚಿನದನ್ನು ದೋಷದ ಆರಂಭವೆಂದು ಎಣಿಸತಕ್ಕದ್ದು. ಮೊದಲ ದೂರು ತಲುಪಿದ್ದು ಆಕೆಗೇ. ನಾಚಿಕೆಯಿಂದ ಹಿಂದಿನ ಅರ್ಜಿಯಲ್ಲಿ ಅದನ್ನು ಬಿಟ್ಟಿದ್ದಳು. ಈಗ ಬರೆದಳು: "9:13ಕ್ಕೆ ನನಗೆ ದೂರು ಬಂದಿತ್ತು. ನಾನು ಫಲಕವನ್ನು ನಂಬಿದೆ, ದೂರನ್ನು ನಂಬಲಿಲ್ಲ." ಫೋನಿನ ದಾಖಲೆಯನ್ನೂ ಲಗತ್ತಿಸಿದಳು.

ಮುಖ್ಯಸ್ಥರು ಕರೆಸಿ, ತಗ್ಗಿದ ದನಿಯಲ್ಲೇ ಕೇಳಿದರು: "ನಿಮ್ಮ ಕಾಲ ಮೇಲೆ ನೀವೇ ಯಾಕಮ್ಮ ಕಲ್ಲು ಹಾಕ್ಕೊಳ್ತೀರಿ?"

"ಹಾಕ್ಕೊಂಡಾಯ್ತು ಸರ್. ನಿಮಿಷ ಸರಿ ಮಾಡಿ."

ಮೇ 6ರಂದು ಆದೇಶ ಬಂತು. 9:13ಕ್ಕೆ ತಲುಪಿದ ದೂರನ್ನು ನಿರ್ಲಕ್ಷಿಸಿದ ಕಾರಣ ಆಕೆಯನ್ನು ಫಲಕದ ಕೆಲಸದಿಂದ ತೆಗೆದು, ಹಳೆಯ ಕಡತಗಳ ಕೋಣೆಗೆ ಹಾಕಲಾಗಿದೆ. ಪುಟ ತಿದ್ದುವ ಅಧಿಕಾರವನ್ನು ಹಿಂಪಡೆಯಲಾಗಿದೆ. ಆಕೆ ಆದೇಶವನ್ನು ಎರಡು ಸಲ ಓದಿ, ಕಂಪ್ಯೂಟರಿನಲ್ಲಿ ಪುಟ ತೆರೆದು ನೋಡಿದಳು. 9:41ರಿಂದ 9:50. ಒಂಬತ್ತು ನಿಮಿಷ.

ಆದೇಶದ ಪ್ರತಿಯನ್ನು ಅಕ್ಕನಿಗೂ ತೋರಿಸಿದಳು. ಅಕ್ಕ ಅದನ್ನು ಕಣ್ಣಿನ ಹತ್ತಿರ ಹಿಡಿದು, ಬಹಳ ಹೊತ್ತು ನೋಡಿ, ನನ್ನಿಂದಾಗಿ ನಿನ್ನ ಕೆಲಸಕ್ಕೂ ಕುತ್ತು ಬಂತು ಎಂದು ಅತ್ತಳು. ಮರುದಿನ ಬೆಳಿಗ್ಗೆ ಮತ್ತೆ ಸ್ಟೂಲು ಎಳೆದುಕೊಂಡು ಫೋನಿನ ಮುಂದೆ ಕೂತಳು.

ಕಂಪನಿಯ ಆಡಳಿತ ಮಂಡಳಿಯ ಮಹನೀಯರೇ, ಆ ಆದೇಶ, ಆ ಪುಟ, ಎರಡೂ ನಿಮ್ಮವೇ, ಎರಡರ ಮೇಲೂ ನಿಮ್ಮದೇ ಹೆಸರಿದೆ. ಶಿಕ್ಷೆ ಕೊಡುವಾಗ 9:13ಕ್ಕೆ ದೂರು ಬಂದಿತ್ತು, ಎಣಿಸುವಾಗ ಬಂದಿರಲಿಲ್ಲ. ಆಕೆಗೆ ಕೊಟ್ಟ ಶಿಕ್ಷೆಯನ್ನು ಹಿಂಪಡೆಯಿರಿ ಎಂದು ಇಲ್ಲಿ ಕೇಳುತ್ತಿಲ್ಲ; ಆಕೆಯೂ ಕೇಳಿಲ್ಲ. ಪುಟವನ್ನು ತಿದ್ದಿ. ನಿಮ್ಮ ನಿಯಮದ ಪ್ರಕಾರ ಆರಂಭ 9:13, ನಡೆದದ್ದರ ಪ್ರಕಾರ 9:04. ನಡೆದದ್ದನ್ನೇ ಬರೆಯಿರಿ, ನಲವತ್ತಾರು ನಿಮಿಷ ಎಂದು. ತಿದ್ದಿದ ಪುಟದ ಒಂದು ಪ್ರತಿಯನ್ನು ಮೊಹರಿನೊಂದಿಗೆ ಆ ಅಕ್ಕನ ಮನೆಗೆ ಕಳುಹಿಸಿಕೊಡಿ. ಅಕ್ಷರಗಳು ದೊಡ್ಡದಾಗಿರಲಿ. ಕನ್ನಡಕ ಮಾಡಿಕೊಡುತ್ತಿದ್ದವರು ಈಗ ಆ ಮನೆಯಲ್ಲಿಲ್ಲ.