ಮುದ್ದೆಯನ್ನು ಯಾರು ಅಗಿಯುತ್ತಾರೆ?

ಅವತ್ತು ನಾನು ಅವರೆಕಾಳು ಹಿದುಕುತ್ತ ಕೂತಿದ್ದೆ. ಹಿಂದಿನ ದಿನವೇ ನೆನೆಹಾಕಿದ್ದ ಕಾಳು, ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು. ಧನುರ್ಮಾಸದ ಚಳಿ. ನಂಜನಗೂಡಿನ ನಮ್ಮ ಮನೆಯ ಹಿತ್ತಿಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂರುವುದೇ ಒಂದು ಸುಖ. ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ. ತಿ. ನರಸೀಪುರದಿಂದ ನನ್ನ ತಂಗಿಯ ಗಂಡ.

"ಅಕ್ಕಾ, ಇವ್ಳಿಗೆ ನೆನ್ನೆ ಮಧ್ಯಾನದಿಂದ ಏನೂ ಒಳಕ್ಕೆ ಇಳೀತಿಲ್ಲ. ನೀರು ಕುಡುದ್ರೂ ವಾಪಸ್ ಬತ್ತದೆ. ಮೈಸೂರ್ಗೆ ಕರ್ಕೊಂಡು ಓಯ್ತಾ ಇವ್ನಿ. ನೀವೂ ಬಂದ್ಬುಡಿ."

ಹಿಂದುಗಡೆ ಅವನ ತಾಯಿಯ ದನಿಯೂ ಕೇಳಿಸುತ್ತಿತ್ತು. "ಒಟ್ಟೆಗೆ ಪಟ್ಟಿ ಕಟ್ಟುಸ್ಬ್ಯಾಡಿ ಅಂತ ಬಡ್ಕಂಡೆ. ನನ್ ಮಾತು ಯಾರ್ ಕೇಳಿದ್ರು?"

ಎರಡು ಸಾವಿರದ ಇಸವಿ ಬಂದು ಕೆಲವು ವರ್ಷ ಕಳೆದಿದ್ದ ಕಾಲ ಅದು. ತಂಗಿ ಚಿಕ್ಕಂದಿನಿಂದಲೂ ಮೈ ತುಂಬಿಕೊಂಡವಳು. ಎರಡು ಹೆರಿಗೆಯಾದ ಮೇಲೆ ಮೈ ಅವಳ ಮಾತು ಕೇಳುವುದನ್ನೇ ಬಿಟ್ಟಿತು. ಸಕ್ಕರೆ ಕಾಯಿಲೆ ಬಂತು, ಮಂಡಿ ಹಿಡಿದುಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ನಿದ್ದೆ ಮಾಡುವಂತಾಯಿತು. ಅವಳು ಮಾಡದ ಪಥ್ಯವಿರಲಿಲ್ಲ. ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು. ಆ ಒಪ್ಪತ್ತಿನ ಊಟದಲ್ಲಿ ಮೂರು ಹೊತ್ತಿನ ಹಸಿವನ್ನೂ ತೀರಿಸಿಕೊಳ್ಳುತ್ತಿದ್ದಳು, ಪಾಪ. "ಉಂಡು ಕೈ ತೊಳ್ಕೊಳಕ್ಕೆ ಓಗೋ ದಾರೀಲೇ ಮತ್ತೆ ಉಣ್ಬೇಕು ಅನ್ಸ್ತದೆ ಕಣಕ್ಕಾ" ಎಂದು ಒಂದು ಸಲ ಅತ್ತಿದ್ದಳು. ಜನ ಅದನ್ನು ಹೊಟ್ಟೆಬಾಕತನ ಎಂದರು. ಬೆನ್ನ ಹಿಂದೆ ಬೆತ್ತ ಹಿಡಿದು ಅಟ್ಟಿದ ಹಾಗಿದ್ದ ಆ ಹಸಿವು ಅವಳಿಗೊಬ್ಬಳಿಗೇ ಗೊತ್ತು.

ಮೈಸೂರಿನ ಒಂದು ಆಸ್ಪತ್ರೆಗೆ ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ದಸರಾ ಕಳೆದ ಮೇಲೆ ಆಪರೇಶನ್ ಮಾಡಿದ್ದರು. ಜಠರದ ಮೇಲ್ಭಾಗಕ್ಕೆ ರಬ್ಬರಿನಂಥ ಒಂದು ಪಟ್ಟಿ ಸುತ್ತುತ್ತಾರೆ. ಚರ್ಮದ ಅಡಿಯಲ್ಲಿ ಒಂದು ಪುಟ್ಟ ಗುಂಡಿಯಂಥದನ್ನು ಇಡುತ್ತಾರೆ. ಅದಕ್ಕೆ ಸೂಜಿ ಚುಚ್ಚಿ ನೀರಿನಂಥ ದ್ರವ ತುಂಬಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಸ್ವಲ್ಪ ತಿಂದರೆ ಸಾಕು, ಹೊಟ್ಟೆ ತುಂಬಿದ ಹಾಗಾಗುತ್ತದೆ. ಮೊದಮೊದಲು ಬರೀ ನೀರು, ಗಂಜಿ, ತಿಳಿಸಾರು. ಫೋನು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ಪಟ್ಟಿಯನ್ನು ಮೊದಲ ಸಲ ಬಿಗಿ ಮಾಡಿ, "ಇನ್ನು ಮೆತ್ತಗಿರುವುದನ್ನು ಸ್ವಲ್ಪಸ್ವಲ್ಪವೇ ಶುರು ಮಾಡಿ, ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಿರಿ" ಎಂದು ಹೇಳಿ ಕಳಿಸಿದ್ದರು.

ಹಿದುಕಿದಷ್ಟು ಬೇಳೆಯನ್ನು ಮುಚ್ಚಿಟ್ಟು, ದೇವರ ಮುಂದೆ ಒಂದು ಗಳಿಗೆ ನಿಂತೆ. "ವಿಷವನ್ನೇ ಗಂಟಲಲ್ಲಿ ತಡೆದು ಇಟ್ಟುಕೊಂಡವನು ನೀನು. ಅವಳಿಂದ ಆಗೋದಿಲ್ಲಪ್ಪಾ, ಅವಳದನ್ನು ಇಳಿಸು" ಎಂದು ಬೇಡಿಕೊಂಡೆ. ಬಸ್ ಸ್ಟ್ಯಾಂಡಿಗೆ ಹೋದರೆ ಮೈಸೂರಿನ ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಮೊದಲನೆಯ ದಯೆ. ಆಸ್ಪತ್ರೆಗೆ ಹೋದರೆ ಅವತ್ತೇ ಆ ಡಾಕ್ಟರು ಬರುವ ದಿನ. ಅದು ಎರಡನೆಯದು.

ತಂಗಿ ಬೆಂಚಿನ ಮೇಲೆ ಬಾಯಿಗೆ ಟವೆಲ್ ಒತ್ತಿಕೊಂಡು ಕೂತಿದ್ದಳು. ಮುಖ ಬಾಡಿ ಹೋಗಿತ್ತು. ನನ್ನನ್ನು ನೋಡಿದವಳೇ "ತೆಗ್ಸಿಬುಡ್ತೀನಿ ಕಣಕ್ಕಾ. ನಂಗೆ ಈ ಪಟ್ಟಿ ಬ್ಯಾಡ" ಎಂದಳು. ಅವಳ ಅತ್ತೆ "ಮೊದ್ಲು ಅದ್ ಮಾಡು" ಎಂದರು.

ಪಟ್ಟಿ ತೆಗೆದರೆ ಮತ್ತೆ ಆ ಹಸಿವು, ಮತ್ತೆ ಗೋಡೆಗೆ ಒರಗಿದ ನಿದ್ದೆ. ಇನ್ನೊಂದು ದಾರಿ ಅವಳಿಗಿರಲಿಲ್ಲ.

ಡಾಕ್ಟರು ಒಳಗೆ ಕರೆದು ಕೇಳಿದರು. "ಏನು ತಿಂದಿರಿ?"

"ಮೆತ್ತಗಿರೋದೇ ಸಾ" ಎಂದಳು ತಂಗಿ.

"ಅದೇ ಏನು?"

"ಮುದ್ದೆ."

"ಚೆನ್ನಾಗಿ ಅಗಿದು ತಿಂದಿರಾ?"

ನಾವು ಹೆಂಗಸರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟು ಹೊತ್ತು ಸಿಡುಕುತ್ತಿದ್ದ ಅತ್ತೆಗೇ ನಗು ಬಂದುಬಿಟ್ಟಿತು. "ಅಯ್ಯೋ, ಮುದ್ದೇನ ಯಾರಾರ ಅಗೀತಾರಾ ಡಾಕ್ಟ್ರೇ? ಹಲ್ಲಿಗೆ ಮೆತ್ಕಳಕಿಲ್ವಾ? ಸಾರಲ್ಲಿ ಅದ್ದಿ ನುಂಗೋದು!"

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಅಷ್ಟು ಸಲ ಹೇಳಿದ್ದೆನಲ್ಲಾ ತಾಯಿ, ಪ್ರತಿ ತುತ್ತನ್ನೂ ಅಗಿಯಬೇಕು ಅಂತ."

"ಅಗ್ದೆ ಸಾ. ಇಡ್ಲಿ ಅಗ್ದೆ, ಅನ್ನ ಅಗ್ದೆ. ಇದು ಮುದ್ದೆ ಅಲ್ವಾ" ಎಂದಳು ತಂಗಿ. ತಪ್ಪು ಎಲ್ಲಾಯಿತೆಂಬುದು ಅವಳಿಗೆ ಆಗಲೂ ಹೊಳೆದಿರಲಿಲ್ಲ.

ಅವಳನ್ನು ಬೈಯುವ ಹಾಗಿಲ್ಲ. ನಮ್ಮ ಕಡೆ ಮಗು ಮೊದಲ ಸಲ ಮುದ್ದೆ ಉಣ್ಣುವಾಗಲೇ ಕಲಿಸುವುದು ಅದನ್ನು. ಹಲ್ಲು ತಾಗಿಸಬೇಡ, ನುಂಗು. ಹೊಸದಾಗಿ ಬಂದ ನೆಂಟರು ಮುದ್ದೆ ಅಗಿದರೆ ಪಂಕ್ತಿಯೇ ನಗುತ್ತದೆ. ಗಂಜಿ ಕುಡಿದು ಕುಡಿದು ಸಾಕಾದ ಸೊಸೆಗೆ ಅತ್ತೆ ಅಕ್ಕರೆಯಿಂದ ಹದವಾಗಿ ತಿರುವಿ, ಬಸ್ಸಾರು ಮಾಡಿ, ನಿಂಬೆಹಣ್ಣಿನಷ್ಟು ಮುದ್ದೆ ಇಟ್ಟಿದ್ದರು. ಅದಕ್ಕಿಂತ ಮೆತ್ತಗಿನದು ನಮ್ಮ ಅಡಿಗೆಮನೆಯಲ್ಲಿ ಬೇರೆ ಏನಿದೆ? ಅವಳು ಆಸೆಯಿಂದ ನುಂಗಿದ್ದು ಹೋಗಿ ಆ ಪಟ್ಟಿಯ ಬಾಯಲ್ಲಿ ಕೂತಿತ್ತು.

ಡಾಕ್ಟರು ಸೂಜಿ ಹಾಕಿ ದ್ರವ ತೆಗೆದರು. ಸ್ವಲ್ಪ ಹೊತ್ತಿಗೆ ತಂಗಿ ಎದೆ ಸವರಿಕೊಂಡು "ಇಳೀತು" ಎಂದಳು. ಒಂದು ಗುಟುಕು ನೀರು ಕೊಟ್ಟರು. ಅದು ಒಳಗೇ ನಿಂತಿತು. ಆ ಒಂದು ಗುಟುಕನ್ನು ನಾನು ತೀರ್ಥದ ಹಾಗೆ ನೋಡಿದೆ.

"ಪಟ್ಟಿಗೆ ಏನೂ ಆಗಿಲ್ಲ. ಕೆಲವು ವಾರ ಸಡಿಲವಾಗಿಯೇ ಇರಲಿ. ಹಸಿವು ವಾಪಸ್ ಬರುತ್ತದೆ, ಹೆದರಬೇಡಿ. ಆಮೇಲೆ ಬನ್ನಿ. ಬಿಗಿ ಮಾಡಬೇಕೋ, ತೆಗೆದೇ ಬಿಡಬೇಕೋ, ನೀವೇ ಯೋಚನೆ ಮಾಡಿ ಹೇಳಿ" ಎಂದರು ಡಾಕ್ಟರು.

ಮನೆಯವರಿಗೆ ಫೋನು ಮಾಡಿ ಹೇಳಿ, ನಾನು ಅವಳ ಜೊತೆ ನರಸೀಪುರಕ್ಕೇ ಹೋದೆ. ಕಾರಿನಲ್ಲಿ ಅತ್ತೆ "ನಂಜುಂಡಪ್ಪಂಗೆ ಬೆಲ್ಲದ ತುಲಾಭಾರ ಹರಕೆ ಕಟ್ಕಂಡಿವ್ನಿ" ಎಂದರು.

ತಂಗಿಗೆ ಅಷ್ಟು ಹೊತ್ತಿಗೆ ಜೀವ ಬಂದಿತ್ತು. "ಈಗ್ಲೇ ಬ್ಯಾಡ ಅತ್ತೆ. ನಾನು ಇಳುದ್ಮೇಲೆ ತಕ್ಕಡೀಲಿ ಕೂರ್ತೀನಿ. ಬೆಲ್ಲ ಉಳೀತದೆ."

"ದೇವ್ರಿಗೇ ತೂಕದಲ್ಲಿ ಮೋಸ ಮಾಡೀಯಾ, ಮುಂಡೇದೆ!"

ಎಲ್ಲರೂ ನಕ್ಕೆವು. ನಕ್ಕರೂ ತಂಗಿಯ ತೀರ್ಮಾನ ಇನ್ನೂ ಆಗಿರಲಿಲ್ಲ.

ಡಾಕ್ಟರು ಹೇಳಿದ ಹಾಗೆಯೇ ಹಸಿವು ಬಂತು. ನಾನು ಅಲ್ಲಿದ್ದ ದಿನಗಳಲ್ಲೇ ಕಂಡೆ. ಮೊದಮೊದಲು ಅವಳಿಗೆ ಸಂತೋಷ. "ಬಾಯಿಗೆ ರುಚಿ ಬಂತು ಕಣಕ್ಕಾ" ಎಂದು ಅವರೆಕಾಳಿನ ಉಪ್ಪಿಟ್ಟನ್ನು ಇನ್ನೊಂದು ಸಲ ಹಾಕಿಸಿಕೊಂಡಳು. ಆಮೇಲೆ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಬಾಯಿಗೆ ಹಾಕಿಕೊಳ್ಳಲು ಶುರು ಮಾಡಿದಳು. ಅತ್ತೆ ನೋಡಿಯೂ ನೋಡದ ಹಾಗಿದ್ದರು. ಸೊಸೆ ಉಣ್ಣುತ್ತಿದ್ದಾಳಲ್ಲಾ ಎಂಬ ಸಮಾಧಾನ ಅವರದು. ಹಸಿದವಳ ಕೈ ತಡೆಯುವುದು ಸುಲಭದ ಕೆಲಸವಲ್ಲ.

ನಾನು ಹೊರಡುವ ದಿನ ಸೋಮವಾರ. ಬೆಳಿಗ್ಗೆ ಅವಳು ದೇವರ ಮನೆಯಲ್ಲಿ ನೆಲದ ಮೇಲೆ ಕಾಲು ಮಡಚಿ ಕೂತು ಬತ್ತಿ ಹೊಸೆಯುತ್ತಿದ್ದಳು. ಮದುವೆಯಾಗಿ ಕೆಲವು ವರ್ಷಕ್ಕೇ ಅವಳಿಗೆ ನೆಲದ ಮೇಲೆ ಕೂರುವುದು ತಪ್ಪಿಹೋಗಿತ್ತು. ಪೂಜೆಯನ್ನೂ ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದಳು. ಆಪರೇಶನ್ ಆದ ಮೇಲೆ ಇಳಿದಷ್ಟು ತೂಕಕ್ಕೇ ಆ ಮಂಡಿ ಇಷ್ಟು ಮಡಚಿತ್ತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳೂ ನೋಡಿದಳು.

"ಅಕ್ಕಾ, ನೆನ್ನೆ ಏಳಕ್ಕೆ ಓದ್ರೆ ಮಂಡಿ ಹಿಡ್ಕತು. ಮತ್ತೆ ಮೈ ಏರ್ತಾ ಅದೆ. ಇಷ್ಟು ದಿನದಲ್ಲೇ."

"ಮತ್ತೆ ಏನ್ ಮಾಡ್ತೀಯೇ?"

"ನಾನೇನ್ ತಿಂತಾ ಇದ್ದೀನಿ ಅಂತ ನಂಗೆ ಗೊತ್ತಿಲ್ವಾ? ಪಟ್ಟಿ ಬಿಗಿ ಇದ್ದಾಗ ಒಟ್ಟೆ ಸುಮ್ನಿತ್ತು. ಸ್ವಾಮಿ ಮುಂದೆ ಕೂತ್ರೆ ಸ್ವಾಮೀನೇ ನೆನೀತಿದ್ದೆ. ಈಗ ಕಣ್ಮುಚ್ಚಿದ್ರೆ ನೈವೇದ್ಯ ಕಾಣ್ತದೆ. ಮತ್ತೆ ಬಿಗಿ ಮಾಡುಸ್ಕತೀನಿ."

ಅಡಿಗೆಮನೆಯಿಂದ ಅತ್ತೆ ಕೇಳಿಸಿಕೊಂಡರು. ಕೈ ಒರೆಸಿಕೊಂಡು ಬಂದು ನಿಂತರು. "ಮತ್ತೆ ಸಿಕ್ಕಾಕಂಡ್ರೆ?"

"ಮುದ್ದೆ ಬಿಡ್ತೀನಿ ಅತ್ತೆ."

ಮುದ್ದೆ ಬಿಡುತ್ತೇನೆ ಎನ್ನುವುದು ನಮ್ಮ ಮನೆಗಳಲ್ಲಿ ಸಣ್ಣ ಮಾತಲ್ಲ. ಅತ್ತೆ "ಅಂಬ್ಲಿ ಕಾಯ್ಸಿ ಕೊಡ್ತೀನಿ ಬುಡು. ಅದ್ನೂ ರಾಗೀಲೇ ತಾನೇ ಮಾಡೋದು" ಎಂದು ಒಳಗೆ ಹೋದರು. ಅವರೇ ಹಾಗೆ ಹೇಳಿದ್ದು ನನಗೆ ಎಲ್ಲಕ್ಕಿಂತ ದೊಡ್ಡ ದಯೆಯಾಗಿ ಕಂಡಿತು.

ಅವಳು ಗಂಡನ ಜೊತೆ ಹೋಗಿ ಪಟ್ಟಿ ಬಿಗಿ ಮಾಡಿಸಿಕೊಂಡು ಬಂದಳು. ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಇಡ್ಲಿಯೂ ಎದೆಯಲ್ಲಿ ಕೂತು ಕಣ್ಣಲ್ಲಿ ನೀರು ಬರಿಸುತ್ತಿತ್ತು. ಮದುವೆಮನೆಗಳಲ್ಲಿ "ಇದೇನು ಗುಬ್ಬಚ್ಚಿ ಊಟ" ಎಂದು ಎಲೆಗೆ ಸುರಿಯುವವರಿಗೆ ಉತ್ತರ ಕೊಟ್ಟು ಅವಳಿಗೆ ಸುಸ್ತು. ಎಲ್ಲರೂ ಮುದ್ದೆ ನುಂಗುವಾಗ ಸಾರಿನ ವಾಸನೆಗೆ ಎದ್ದು ಹೊರಗೆ ಜಗಲಿಯ ಮೇಲೆ ಕೂತದ್ದೂ ಉಂಟು. ಆದರೆ ರವಿಕೆಗಳನ್ನು ಒಂದೊಂದಾಗಿ ಹಿಡಿಸಬೇಕಾಯಿತು. ಸಕ್ಕರೆ ಮಾತ್ರೆಯನ್ನು ಡಾಕ್ಟರು ಕಡಿಮೆ ಮಾಡಿದರು. ಹಾಸಿಗೆಯ ಮೇಲೆ ಬೆನ್ನು ಚಾಚಿ ಮಲಗುತ್ತಾಳೆಂದು ಅವಳ ಗಂಡನೇ ನನಗೆ ಹೇಳಿದ.

ಮುಂದಿನ ಶ್ರಾವಣದಲ್ಲಿ ಒಂದು ಸೋಮವಾರ ಹೇಳದೆ ಕೇಳದೆ ಅವಳೊಬ್ಬಳೇ ಬಸ್ಸಿನಲ್ಲಿ ನಂಜನಗೂಡಿಗೆ ಬಂದಳು. ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಅಕ್ಕಾ, ಮೂರು ಜನದ ಸೀಟಲ್ಲಿ ನನ್ ಪಕ್ಕ ಇಬ್ರು ಕೂತ್ಕಂಡ್ರು ಕಣಕ್ಕಾ! ಯಾರೂ ಮುಖ ಗಂಟಾಕ್ಕೊಳ್ಳಿಲ್ಲ."

ಇಬ್ಬರೂ ದೇವಸ್ಥಾನಕ್ಕೆ ಹೋದೆವು. ಕಪಿಲೆಯ ಮೆಟ್ಟಿಲನ್ನು ಅವಳು ನನ್ನ ಭುಜ ಹಿಡಿಯದೆ ಇಳಿದಳು. ಹತ್ತುವಾಗ ಒಂದು ಕಡೆ ನಿಂತು ಉಸಿರು ತೆಗೆದುಕೊಂಡಳು. ನಾನೂ ನಿಂತೆ. ನಿಜ ಹೇಳಬೇಕೆಂದರೆ ನನಗೂ ಬೇಕಾಗಿತ್ತು. ಮನೆಗೆ ಬಂದು ಊಟಕ್ಕೆ ಕೂತಾಗ ಒಂದು ಹಿಡಿ ಅನ್ನ, ಸ್ವಲ್ಪ ಸೊಪ್ಪಿನ ಪಲ್ಯ ಹಾಕಿಸಿಕೊಂಡು, ಪ್ರಸಾದ ತಿನ್ನುವ ಹಾಗೆ ನಿಧಾನವಾಗಿ, ಒಂದೊಂದು ಅಗುಳನ್ನೂ ಅಗಿದು ಉಂಡಳು. ನನ್ನದು ಮುಗಿದು ಎಷ್ಟೋ ಹೊತ್ತಾಗಿತ್ತು. ಎಂಜಲು ಕೈ ಒಣಗುವ ತನಕ ಅವಳ ಎದುರಿಗೇ ಕೂತು ಮಾತಾಡುತ್ತಿದ್ದೆ.

ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬರುವಷ್ಟರಲ್ಲಿ ಬೀದಿಯ ನಲ್ಲಿಯಲ್ಲಿ ನೀರು ಬಂದಿತ್ತು. ಅಕ್ಕಪಕ್ಕದವರು ಆಗಲೇ ಸಾಲುಗಟ್ಟಿದ್ದರು. ಸೆರಗು ಸಿಕ್ಕಿಸಿಕೊಂಡು, ಒಳಗಿನಿಂದ ಬಿಂದಿಗೆಗಳನ್ನು ತಂದು, ನಾನೂ ಸಾಲಿನಲ್ಲಿ ನಿಂತೆ.